ಮರದ ಮೇಲಿನದೂ ದರೆಯ ಮೇಲಿನದೂ ಒಂದೇ ಗಿಡವಾ? ಮರಕೆಸು ಗೊತ್ತಿರುವವರು ಹೇಳಿ

ಹೊಸಮನೆ ಶ್ರೀ
ಎಲ್ಲರಿಗೂ ನಮಸ್ಕಾರ. ಶೃಂಗೇರಿ ಹತ್ತಿರ ಕಿಗ್ಗದ ಕಡೆ ನನ್ನ ಹೆಂಡತಿಯ ತವರು. ಮೊನ್ನೆ ಹೋಗಿದ್ದಾಗ ಎರಡು ಗಿಡದ ಫೋಟೊ ತೆಗೆದೆ, ಇಲ್ಲಿ ಹಾಕಿದ್ದೇನೆ.

ಒಂದನೇ ಫೋಟೊ: ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟದಲ್ಲಿ ಹಳೇ ಮಾವಿನ ಮರ. ಅದರ ಕವಲಿನಲ್ಲಿ ಪಾಚಿಯ ನಡುವೆ ಬೆಳೆದಿದೆ. ಎಲೆ ಅಂಗೈಗಿಂತ ದೊಡ್ಡದು, ನೋಡಿದರೆ ಕೆಸು ಅನ್ನಬೇಕು.

ಎರಡನೇ ಫೋಟೊ: ಅದೇ ಮರದಿಂದ ಸ್ವಲ್ಪ ಕೆಳಗೆ, ನೀರು ಒಸರುವ ಜಂಬಿಟ್ಟಿಗೆ ದರೆ, ಅಂದರೆ ಕಡಿದಾದ ಮಣ್ಣಿನ ಗೋಡೆ. ದರೆ ತುಂಬಾ ಪುಟ್ಟ ಪುಟ್ಟ ಎಲೆ. ಎರಡು ಮೂರು ಇಂಚು ಇರಬಹುದು. ಆಕಾರ ಹೆಚ್ಚುಕಡಿಮೆ ಅದೇ, ಬಣ್ಣ ಮಾತ್ರ ಸ್ವಲ್ಪ ಬೂದು.

ಮಾವ ಹೇಳಿದ್ದು: ಎರಡೂ ಮರಕೆಸುವೇ, ಕೆಳಗಿನದು ಮರಿ. ಅತ್ತೆ ಹೇಳಿದ್ದು: ಕೆಳಗಿನದನ್ನು ಪತ್ರೊಡೆಗೆ (ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸುವ ತಿಂಡಿ) ಹಾಕಿದರೆ ನಾನು ತಿನ್ನುವುದಿಲ್ಲ. ಊಟದ ಹೊತ್ತಿನವರೆಗೂ ಇದೇ ಜಗಳ. ನಾನು ಬೆಂಗಳೂರಿನಲ್ಲಿ ಬೆಳೆದವನು, ಯಾರ ಪರ ಮಾತಾಡಿದರೂ ಕಷ್ಟ. ನೀವೇ ಹೇಳಿ.

ಕುಂದಾಪ್ರದವ
ಮಾರಾಯ್ರೆ, ಮರದ ಮೇಲಿದ್ದರೆ ಮರಕೆಸು, ನೆಲದ ಮೇಲಿದ್ದರೆ ಬರೀ ಕೆಸು. ಇದಕ್ಕೆ ಚರ್ಚೆ ಯಾಕೆ?

ಮಳೆಹುಳ
ಒಂದನೇದು ಮರಕೆಸು. ಎರಡನೇದು ಮರಿ ಕೆಸು. ಅತ್ತೆಯವರ ಮಾತು ಕೇಳಿ, ಮನೆಯಲ್ಲಿ ಶಾಂತಿ ಇರುತ್ತದೆ.

ಗೆಡ್ಡೆಗೆಣಸು
ಕುಂದಾಪ್ರದವರೇ, ಜಾಗ ನೋಡಿ ಹೆಸರು ಹೇಳುವುದು ಅಷ್ಟು ಸುಲಭ ಅಲ್ಲ. ಮರಕೆಸು ಬಂಡೆ ಮೇಲೂ ಬೆಳೆಯುತ್ತದೆ, ಪಾಚಿ ಕಟ್ಟಿದ ಹಳೇ ಗೋಡೆ ಮೇಲೂ ಬೆಳೆಯುತ್ತದೆ. ಅದಕ್ಕೆ ಮರವೇ ಬೇಕು ಅಂತಿಲ್ಲ. ಬೇರು ನೀರು ನಿಂತ ಕೆಸರಿನಲ್ಲಿ ಇರಬಾರದು, ಆದರೆ ಮಳೆಗಾಲ ಪೂರ್ತಿ ತೇವ ಬೇಕು. ಅಂಥ ಜಾಗ ಮರದ ಕವಲಿನಲ್ಲಿ ಸಿಗುತ್ತದೆ, ಬಂಡೆ ಬಿರುಕಿನಲ್ಲೂ ಸಿಗುತ್ತದೆ. ಇನ್ನೊಂದು ಕಡೆ, ಮರದ ಮೇಲೆ ಇರುವುದೆಲ್ಲ ಮರಕೆಸು ಆಗಬೇಕಾಗಿಲ್ಲ. ಇದೇ ಕುಟುಂಬದ ಬೇರೆ ಗಿಡಗಳೂ ಮರದ ಮೇಲೆ ಕೂರುತ್ತವೆ.

ಶ್ರೀ ಅವರೇ, ಎಲೆಯ ಮೇಲ್ಭಾಗದ ಫೋಟೊ ಮಾತ್ರ ಇದೆ. ತೊಟ್ಟು ಎಲೆಗೆ ಎಲ್ಲಿ ಸೇರುತ್ತದೆ, ಬುಡದಲ್ಲಿ ಏನಿದೆ ಅಂತ ಕಾಣುತ್ತಿಲ್ಲ. ಅದಿದ್ದರೆ ಹೇಳಬಹುದು.

ಕುಂದಾಪ್ರದವ
ಬಂಡೆ ಮೇಲೆ ಬೆಳೆದರೆ ಕಲ್ಲುಕೆಸು ಅಂತ ಕರೆಯಬೇಕಿತ್ತಲ್ಲ 😄 ನಮ್ಮಲ್ಲಿ ತಲೆತಲಾಂತರದಿಂದ ಮರದಿಂದಲೇ ಕೀಳುವುದು.

ಸಿರ್ಸಿ ಸುಮಾ
ತೊಟ್ಟಿನ ವಿಷಯ ನನಗೆ ಗೊತ್ತು. ಕೆಸುವಿನ ತೊಟ್ಟು ಎಲೆಯ ಅಂಚಿಗೆ ಸೇರುವುದಿಲ್ಲ, ಸ್ವಲ್ಪ ಒಳಗೆ ಬಂದು ಎಲೆಯ ಬೆನ್ನಿಗೆ ಸೇರುತ್ತದೆ. ಕೆಸುವಿನಂತೆಯೇ ಕಾಣುವ ಮುಂಡಿಗೆಡ್ಡೆಗೆ ಅಂಚಿನಲ್ಲೇ, ಆ ಸೀಳು ಇದೆಯಲ್ಲ, ಅಲ್ಲೇ ಸೇರುತ್ತದೆ. ಅಜ್ಜಿ ಪತ್ರೊಡೆಗೆ ಎಲೆ ಆರಿಸುವಾಗ ಮೊದಲು ನೋಡುತ್ತಿದ್ದದ್ದು ಇದನ್ನೇ. ಒಳಗೆ ಸೇರಿದ್ದರೆ ಬುಟ್ಟಿಗೆ, ಅಂಚಿಗೆ ಸೇರಿದ್ದರೆ ಹಿಂದಕ್ಕೆ.

ಗೆಡ್ಡೆಗೆಣಸು
ಸುಮಾ ಅಕ್ಕ, ಮುಂಡಿಯನ್ನು ದೂರ ಇಡಲು ಅದು ಒಳ್ಳೇ ಗುರುತು. ಆದರೆ ಇಲ್ಲಿ ಅಷ್ಟೇ ಸಾಲದು. ಗದ್ದೆ ಬದಿಯ ಸಾಮಾನ್ಯ ಕೆಸು, ಅಂದರೆ ಕೊಲೊಕೇಸಿಯಾ ಎಸ್ಕುಲೆಂಟಾ, ಅದಕ್ಕೂ ತೊಟ್ಟು ಒಳಗೇ ಸೇರುತ್ತದೆ. ಮರಕೆಸು, ರೆಮುಸಾಷಿಯಾ ವಿವಿಪಾರ, ಅದಕ್ಕೂ ಹಾಗೆಯೇ. ಎರಡನೇ ಫೋಟೊದಲ್ಲಿ ನನಗೆ ಅನುಮಾನ ಇರುವ ಮೂರನೇ ಗಿಡಕ್ಕೂ ಹಾಗೆಯೇ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಸಾಮಾನ್ಯ ಕೆಸು ಹಿಂಡು ಹಿಂಡಾಗಿ ಬರುತ್ತದೆ. ಒಂದೇ ಬುಡದಲ್ಲಿ ಹಲವು ಎಲೆ, ನೆಲದ ಮೇಲೆ ಅಡ್ಡಕ್ಕೆ ಓಡುವ ಹಂಬು. ಮರಕೆಸುವಿಗೆ ಒಂದು ಗೆಡ್ಡೆಗೆ ಸಾಮಾನ್ಯವಾಗಿ ಒಂದೇ ಎಲೆ, ಜಾಸ್ತಿ ಅಂದರೆ ಎರಡು ಮೂರು. ಒಂದು ಕವಲಿನಲ್ಲಿ ಹತ್ತು ಎಲೆ ಕಂಡರೆ ಅಲ್ಲಿ ಹಲವು ಗೆಡ್ಡೆ ಇದೆ ಅಂತ ಲೆಕ್ಕ.

ನಿಜವಾದ ಗುರುತು ಎಲೆಯಲ್ಲಿಲ್ಲ. ಬುಡದಿಂದ ನೇರ ಮೇಲಕ್ಕೆ ಏಳುವ ಕಡ್ಡಿಗಳಿರುತ್ತವೆ. ಕವಲಿಲ್ಲದ ಕಡ್ಡಿ. ಅದರ ಉದ್ದಕ್ಕೂ ಸಣ್ಣ ಸಣ್ಣ ಮರಿಗೆಡ್ಡೆಗಳ ಗೊಂಚಲು. ಮುಟ್ಟಿ ನೋಡಿ, ಒರಟಾಗಿರುತ್ತದೆ. ಪ್ರತಿ ಮರಿಗೆಡ್ಡೆಗೂ ಹೊರಗೆ ಸುತ್ತ ಪೊರೆ, ಪೊರೆಯ ತುದಿ ಕೊಕ್ಕೆಯಾಗಿ ಬಾಗಿರುತ್ತದೆ. ಉತ್ತರಾಣಿ ಬೀಜ ಪಂಚೆಗೆ ಹತ್ತುತ್ತದಲ್ಲ, ಅದೇ ಕೆಲಸ. ಹಕ್ಕಿ ಪುಕ್ಕಕ್ಕೋ ಮಂಗನ ಮೈಗೋ ಅಂಟಿ ಇನ್ನೊಂದು ಮರಕ್ಕೆ ಹೋಗುತ್ತದೆ. ಇದೊಂದು ಕಂಡರೆ ಮತ್ತೆ ವಾದವೇ ಬೇಡ.

ಮಳೆಹುಳ
ಓ, ಅದು ಹೂವು ಅಂದುಕೊಂಡಿದ್ದೆ ನಾನು. ಕೆಂಪು ಮಿಶ್ರಿತ ಕಂದು ಬಣ್ಣದ ಕಡ್ಡಿ ಅಲ್ವಾ? ಕಳಸದ ಕಡೆ ತುಂಬಾ ನೋಡಿದ್ದೇನೆ.

ಗೆಡ್ಡೆಗೆಣಸು
ಅದೇ. ಹೂವಲ್ಲ. ಮರಕೆಸುವಿನ ಹೂವು ಕಾಣಸಿಗುವುದೇ ಅಪರೂಪ. ಬಿಟ್ಟರೂ ಮಳೆ ಹಿಡಿಯುವ ಮೊದಲು, ಎಲೆ ಇಲ್ಲದಾಗ ಅಥವಾ ಎಲೆ ಇನ್ನೂ ಸುರುಳಿಯಲ್ಲಿರುವಾಗ. ಕೆಳಗೆ ಹಸಿರು ಕೊಳವೆ, ಮೇಲೆ ಹಳದಿ ಹಾಳೆ ಹಿಂದಕ್ಕೆ ಮಡಚಿಕೊಂಡಿರುತ್ತದೆ. ಆ ಹೊತ್ತಿಗೆ ಪತ್ರೊಡೆ ನೆನಪು ಯಾರಿಗೂ ಇರುವುದಿಲ್ಲ, ಮರದ ಮೇಲೆ ಯಾರೂ ನೋಡುವುದೂ ಇಲ್ಲ.

ಪೇಟೆ ಪುಟ್ಟಣ್ಣ
ಇದು ಮರದ ಸಾರ ಹೀರುವ ಗಿಡ ಅಲ್ವಾ? ನಮ್ಮ ಮಾವಿನ ಮರದಲ್ಲಿದ್ದದ್ದನ್ನು ಆಳು ಕರೆಸಿ ಕೀಳಿಸಿ ಹಾಕಿದೆವು. ಫಸಲು ಹೋಗುತ್ತದೆ ಅಂದರು.

ಸಿರ್ಸಿ ಸುಮಾ
ಅಯ್ಯೋ ಪುಟ್ಟಣ್ಣ! ಸಾರ ಹೀರುವುದು ಬದನಿಕೆ. ಅದರ ಬೇರು ಕೊಂಬೆಯ ಒಳಗೇ ಇಳಿಯುತ್ತದೆ. ಮರಕೆಸು ಸುಮ್ನೆ ಕೂತಿರುತ್ತದೆ, ಪಾಚಿ ಮತ್ತು ಕೊಳೆತ ಎಲೆಯ ಗೊಬ್ಬರ ತಿಂದುಕೊಂಡು. ಮರದ ಮೇಲಿನ ಆರ್ಕಿಡ್ ಸೀತಾಳೆ ದಂಡೆ ಹೇಗೋ ಹಾಗೆ. ಕಿತ್ತದ್ದನ್ನು ಎಲ್ಲಿ ಹಾಕಿದಿರಿ? ನಮಗಾದರೂ ಕೊಡಬಹುದಿತ್ತು.

ಪೇಟೆ ಪುಟ್ಟಣ್ಣ
ಗೊಬ್ಬರದ ಗುಂಡಿಗೆ.

ಕುಂದಾಪ್ರದವ
ಪುಟ್ಟಣ್ಣ, ಆಟಿ ತಿಂಗಳಲ್ಲಿ ಮಂಗಳೂರು ಮಾರ್ಕೆಟಿಗೆ ಬನ್ನಿ. ಅದೇ ಎಲೆ ಕಟ್ಟು ಕಟ್ಟಿ ಮಾರುತ್ತಾರೆ. ರೇಟು ಕೇಳಿದ ಮೇಲೆ ಗುಂಡಿಗೆ ನೀವೇ ಇಳಿದು ಹುಡುಕುತ್ತೀರಿ.

ಕೊಡಗಿನ ಕಾವೇರಮ್ಮ
ನಮ್ಮಲ್ಲೂ ಮಳೆಗಾಲದ ಕಾಫಿ ತೋಟದಲ್ಲಿ ನೆರಳಿನ ಮರಗಳ ಮೇಲೆ ಬೇಕಾದಷ್ಟು. ಕಕ್ಕಡ ತಿಂಗಳಲ್ಲಿ ಕೇಂಬು ಕರಿ, ಅಂದರೆ ಕೆಸುವಿನ ಸಾರು ಮಾಡುತ್ತೇವೆ. ಅದೇ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ. ಎಲ್ಲ ಕಾಡಿನದ್ದೇ.

ಒಂದು ಮಾತು. ಹಳೇ ಮರ ಕಡಿದು ಸಿಲ್ವರ್ ಓಕ್ ಹಾಕಿದ ತೋಟಗಳಲ್ಲಿ ಮರಕೆಸು ಕಾಣುವುದಿಲ್ಲ. ಆ ಮರಕ್ಕೆ ಕವಲು ಕಡಿಮೆ, ಮೇಲೆ ಕೊಂಬೆ ಬೇರೆ ಸವರುತ್ತಾರೆ. ಗಿಡ ಕೂರುವುದೆಲ್ಲಿ? ಹಲಸು, ಅತ್ತಿ, ನಂದಿ ಇರುವಲ್ಲಿ ಈಗಲೂ ಇದೆ.

ಸಸ್ಯಶಾಸ್ತ್ರ ಮೇಷ್ಟ್ರು
ಎಲ್ಲರೂ ಮರದ ಗಿಡದಲ್ಲೇ ಇದ್ದೀರಿ. ನನಗೆ ಎರಡನೇ ಫೋಟೊ ಹೆಚ್ಚು ಕುತೂಹಲ. ದರೆಯ ಮೇಲಿನದು ಅರಿಯೋಪ್ಸಿಸ್ ಪೆಲ್ಟೇಟಾ ಇರಬೇಕು. ಬೂದು ಹಸಿರು ಬಣ್ಣ, ತೆಳ್ಳನೆಯ ಎಲೆ, ನೀರು ಒಸರುವ ಜಂಬಿಟ್ಟಿಗೆ, ಎಲ್ಲ ಹೊಂದುತ್ತದೆ. ಇದು ನಮ್ಮ ಪಶ್ಚಿಮ ಘಟ್ಟದ ಗಿಡ. 1839ರಲ್ಲಿ ಮುಂಬೈಯಲ್ಲಿ ಅಚ್ಚಾದ ಗ್ರಹಾಂ ಅವರ ಸಸ್ಯಪಟ್ಟಿಯಲ್ಲಿ ನಿಮ್ಮೋ ಎಂಬುವರು ಇದನ್ನು ಮೊದಲು ವಿವರಿಸಿದರು. ಪೂರ್ತಿ ಬೆಳೆದರೂ ಎಲೆ ಅಂಗೈ ದಾಟುವುದು ಕಡಿಮೆ. ಮರಿ ಅಲ್ಲ, ಗಿಡವೇ ಅಷ್ಟು.

ಗೆಡ್ಡೆಗೆಣಸು
ನನ್ನ ಅನುಮಾನವೂ ಅದೇ ಮೇಷ್ಟ್ರೇ. ಆದರೆ ಮರಕೆಸುವಿನ ಮರಿಗೆಡ್ಡೆಗಳು ಮೇಲಿಂದ ಉದುರಿ ಕೆಳಗಿನ ದರೆಯಲ್ಲಿ ಮೊಳೆತಿರಲೂಬಹುದು. ಮರ ಪಕ್ಕದಲ್ಲೇ ಇದೆ, ಮೇಲ್ಗಡೆ ಇದೆ. ಮಾವನವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮರಿಗೆಡ್ಡೆಯಿಂದ ಬಂದ ಮೊದಲ ವರ್ಷದ ಎಲೆ ಅಷ್ಟೇ ಚಿಕ್ಕದಿರುತ್ತದೆ.

ಸಸ್ಯಶಾಸ್ತ್ರ ಮೇಷ್ಟ್ರು
ದರೆ ತುಂಬಾ ಇದೆ ಅಂತ ಬರೆದಿದ್ದಾರೆ. ಒಂದು ಮರದಿಂದ ಉದುರಿದ್ದು ಒಂದು ಕಡೆ ಗುಂಪಾಗಿರುತ್ತದೆ.

ಗೆಡ್ಡೆಗೆಣಸು
ಮಳೆ ನೀರು ಹರಿದರೆ ಹರಡುತ್ತದೆ ಸರ್. ಹೂವು ನೋಡದೆ ಹೇಳುವುದು ಬೇಡ ಅಂತ ನನ್ನ ವಾದ.

ಸಸ್ಯಶಾಸ್ತ್ರ ಮೇಷ್ಟ್ರು
ಒಪ್ಪಿದೆ. ಶ್ರೀ ಅವರೇ, ಮನೆಯವರ ಹತ್ತಿರ ಹೇಳಿ ದರೆಯಲ್ಲಿ ಎಲೆ ಸರಿಸಿ ನೋಡಿಸಿ. ಅರಿಯೋಪ್ಸಿಸ್ ಆದರೆ ಈ ತಿಂಗಳು ಹೂವು ಇರಲೇಬೇಕು. ಎಲೆಗಳ ನಡುವೆ ನೇರಳೆ ಕಂದು ಬಣ್ಣದ ಪುಟ್ಟ ದೋಣಿ, ಒಂದು ಇಂಚಿನ ಆಸುಪಾಸು. ಒಳಗೆ ಮೋಟು ಕಡ್ಡಿ. ಆ ಕಡ್ಡಿಯ ಮೇಲ್ಭಾಗದ ಹತ್ತಿರದ ಫೋಟೊ ಬೇಕು. ಗಂಡು ಹೂವುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ನಡುನಡುವೆ ಸಣ್ಣ ತೂತುಗಳು ಉಳಿದಿರುತ್ತವೆ. ಬರಿಗಣ್ಣಿಗೂ ಕಾಣುತ್ತದೆ, ಕನ್ನಡಕ ಹಾಕಿಕೊಳ್ಳಬೇಕು ಅಷ್ಟೇ.

ಹೊಸಮನೆ ಶ್ರೀ
ಭಾವಮೈದನಿಗೆ ವಾಟ್ಸಾಪ್ ಮಾಡಿದ್ದೇನೆ. ಅಲ್ಲಿ ಎರಡು ದಿನದಿಂದ ಕರೆಂಟಿಲ್ಲ, ನೆಟ್‌ವರ್ಕ್ ಬಂದಾಗ ಕಳಿಸುತ್ತಾನಂತೆ. ಅಲ್ಲಿಯವರೆಗೆ ಜಗಳ ಮುಂದುವರಿಯಲಿ.

ಬಾಲ್ಕನಿ ತೋಟ
ಬೆಂಗಳೂರಿನ ನರ್ಸರಿಯಲ್ಲಿ ಕೆಸುವಿನ ಥರದ್ದೇ ಎಲೆ, ಕೆಂಪು ಬಿಳಿ ಚುಕ್ಕೆ ಇರುವುದು ಸಿಗುತ್ತದೆ. ಅದರಲ್ಲಿ ಪತ್ರೊಡೆ ಮಾಡಬಹುದಾ?

ಸಿರ್ಸಿ ಸುಮಾ
ಬೇಡ!!

ಸಸ್ಯಶಾಸ್ತ್ರ ಮೇಷ್ಟ್ರು
ಅದು ಕ್ಯಾಲಾಡಿಯಂ. ದಕ್ಷಿಣ ಅಮೆರಿಕದ ಅಲಂಕಾರದ ಗಿಡ. ಬಾಯಿಗೆ ಹಾಕಬೇಡಿ. ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಮಕ್ಕಳಿರುವ ಮನೆಯಲ್ಲಿ ಡೀಫೆನ್‌ಬೇಕಿಯಾ ಇದ್ದರೆ ಅದನ್ನೂ ಕೈಗೆಟುಕದ ಕಡೆ ಇಡಿ. ಎಲ್ಲ ಒಂದೇ ಕುಟುಂಬ, ಅರೇಸಿ. ಈ ಕುಟುಂಬದ ಬಹುಪಾಲು ಗಿಡಗಳ ಎಲೆ, ಗೆಡ್ಡೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿರುತ್ತವೆ. ಸೂಜಿಯ ಆಕಾರ, ಕಟ್ಟು ಕಟ್ಟಾಗಿ. ಎಲೆ ಜಜ್ಜಿದಾಗ ಹೊರಗೆ ಬಂದು ಚರ್ಮಕ್ಕೆ, ಗಂಟಲಿಗೆ ಚುಚ್ಚುತ್ತವೆ. ಕೆಸು ಹೆಚ್ಚಿದರೆ ಕೈ ತುರಿಸುವುದು ಅದಕ್ಕೇ.

ಕುಂದಾಪ್ರದವ
ಕೈಗೆ ತೆಂಗಿನೆಣ್ಣೆ ಸವರಿಕೊಂಡು ಹೆಚ್ಚಿ. ಅಡುಗೆಗೆ ಹುಳಿ ಜಾಸ್ತಿ ಹಾಕಿ. ಮರಕೆಸುವಿಗೆ ತುರಿಕೆ ಕಡಿಮೆ, ಅದಕ್ಕೇ ಅದಕ್ಕೆ ಬೇಡಿಕೆ.

ಪೇಟೆ ಪುಟ್ಟಣ್ಣ
ನನ್ನ ತಂಗಿ ಮನೆಯ ಪಕ್ಕದವರು ಹಾಗೇ ಅಲಂಕಾರದ ಗಿಡದ ಎಲೆ ತಂದು ಪತ್ರೊಡೆ ಮಾಡಿದ್ದರು. ಎಲೆ ದೊಡ್ಡದಿದೆ, ಚೆಂದ ಇದೆ ಅಂತ. ಎಷ್ಟು ಹುಣಸೆ ಹಾಕಿದರೂ ಆಗಲಿಲ್ಲ. ಮನೆ ಮಂದಿಗೆಲ್ಲ ಗಂಟಲು ಕಟ್ಟಿ ರಾತ್ರಿ ಆಸ್ಪತ್ರೆಗೆ ಹೋದರು. ಈಗ ಅವರ ಮನೆಯಲ್ಲಿ ಹಸಿರೆಲೆ ಅಂದರೆ ಬರೀ ಪಾಲಕ್.

ಸಲಾಲಾ ಕನ್ನಡಿಗ
ಓದುತ್ತಾ ಓದುತ್ತಾ ನಗು ಬಂತು. ನಾನಿರುವುದು ಓಮಾನಿನ ಸಲಾಲಾದಲ್ಲಿ. ಇಲ್ಲೂ ಮರಕೆಸು ಇದೆ ಅಂದರೆ ನಂಬುತ್ತೀರಾ? ಅರಬ್ ದೇಶ ಅಂದರೆ ಮರಳು ಅಂತ ಎಲ್ಲರ ಲೆಕ್ಕ. ಆದರೆ ದೋಫಾರ್ ಬೆಟ್ಟಗಳಿಗೆ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸಮುದ್ರದಿಂದ ಮಂಜು ನುಗ್ಗುತ್ತದೆ. ಖರೀಫ್ ಅಂತಾರೆ. ಜೋರು ಮಳೆ ಅಲ್ಲ, ಸಣ್ಣ ತುಂತುರು ಮತ್ತು ಮಂಜು. ಬೆಟ್ಟದ ಸಮುದ್ರದ ಕಡೆಯ ಇಳಿಜಾರು ಮಾತ್ರ ಹಸಿರು, ಆಚೆ ಬದಿಗೆ ಹೋದರೆ ಮತ್ತೆ ಮರುಭೂಮಿ. ಆ ಹಸಿರು ಪಟ್ಟಿಯೊಳಗಿನ ಮರಗಳ ಮೇಲೆ ಹೃದಯದಾಕಾರದ ಎಲೆ. ಮಂಜು ನಿಂತ ಮೇಲೆ ಒಣಗಿ ಮಾಯ.

ನಮ್ಮ ಊರು ಸಾಗರ. ಮೊದಲ ಸಲ ನೋಡಿದಾಗ ಕಾರು ನಿಲ್ಲಿಸಿ ಇಳಿದೇಬಿಟ್ಟೆ. ಜೊತೆಗಿದ್ದ ಕೇರಳದ ಗೆಳೆಯ ಹಾವು ಕಂಡಿತೇನೋ ಅಂದುಕೊಂಡ.

ಕುಂದಾಪ್ರದವ
ಸುಮ್ನಿರಿ ಮಾರಾಯ್ರೆ. ಒಂಟೆ ಊರಲ್ಲಿ ಮರಕೆಸುವಾ?

ಗೆಡ್ಡೆಗೆಣಸು
ನಿಜ. ರೆಮುಸಾಷಿಯಾ ವಿವಿಪಾರದ ಹರವು ತುಂಬಾ ದೊಡ್ಡದು. ಆಫ್ರಿಕಾದಿಂದ ಶುರುವಾಗಿ ಯೆಮೆನ್, ಓಮಾನ್, ನಮ್ಮ ಪಶ್ಚಿಮ ಘಟ್ಟ, ಹಿಮಾಲಯದ ತಪ್ಪಲು, ದಕ್ಷಿಣ ಚೀನಾ, ಅಲ್ಲಿಂದ ಉತ್ತರ ಆಸ್ಟ್ರೇಲಿಯಾದವರೆಗೆ. ಹೂವು, ಬೀಜ ನೆಚ್ಚಿಕೊಳ್ಳದ ಗಿಡ ಇಷ್ಟು ದೂರ ಹೋಗಿದೆ. ಆ ಕುಲದ ಉಳಿದ ಗಿಡಗಳಿಗೆ ಈ ಭಾಗ್ಯ ಇಲ್ಲ, ಹಿಮಾಲಯ ಮತ್ತು ಅದರಾಚೆ ಉಳಿದುಕೊಂಡಿವೆ. ನಮ್ಮ ರಾಜ್ಯದ ಮಟ್ಟಿಗೆ ರೆಮುಸಾಷಿಯಾ ಅಂದರೆ ಇದೊಂದೇ.

ಖರೀಫಿನ ತೇವ, ನಮ್ಮ ಮುಂಗಾರಿನ ತೇವ, ಎರಡರಲ್ಲೂ ಒಂದೇ ಗುಣ. ಕೆಲವು ತಿಂಗಳು ಬಿಡದೆ ಇರುತ್ತದೆ, ಆಮೇಲೆ ಪೂರ್ತಿ ನಿಲ್ಲುತ್ತದೆ. ಗೆಡ್ಡೆಗೆ ಮಲಗಲು ಒಣ ಕಾಲ ಬೇಕು.

ಬೆಳಗಾವಿ ಬಸು
ನಮ್ಮ ಕಡಿ ಮರಾಠಿ ಮಂದಿ ರುಖಾಳು ಅಂತಾರ್ರಿ. ಕೊಂಕಣದಿಂದ ಬರ್ತದ. ವಡಿ ಮಾಡ್ತಾರ, ಭಾಳ ರುಚಿ.

ಮಳೆಹುಳ
ರೆಮುಸಾಷಿಯಾ ಅಂದರೆ ಯಾವುದೋ ರಷ್ಯಾದ ಹೆಸರಿನ ಥರ ಇದೆ.

ಸಸ್ಯಶಾಸ್ತ್ರ ಮೇಷ್ಟ್ರು
ಫ್ರೆಂಚ್. ಏಬಲ್ ರೆಮ್ಯುಸಾ ಅಂತ ಪ್ಯಾರಿಸಿನ ಚೀನೀ ಭಾಷೆಯ ವಿದ್ವಾಂಸರು. ವಿಯೆನ್ನಾದ ಶಾಟ್ 1832ರಲ್ಲಿ ಈ ಕುಲಕ್ಕೆ ಅವರ ಹೆಸರಿಟ್ಟರು. ಅದಕ್ಕೂ ಮೊದಲು ಕಲ್ಕತ್ತಾ ಸಸ್ಯೋದ್ಯಾನದ ರಾಕ್ಸ್‌ಬರ್ಗ್ ಇದನ್ನು ಏರಮ್ ಅಂತ ಬೇರೆ ಕುಲದಲ್ಲಿ ಇಟ್ಟಿದ್ದರು.

ಬಾಲ್ಕನಿ ತೋಟ
ಮೇಷ್ಟ್ರೇ, ಈ ಕುಟುಂಬದಲ್ಲಿ ಇನ್ನು ಏನೇನಿದೆ? ಸುವರ್ಣಗೆಡ್ಡೆ ಗೊತ್ತು.

ಸಸ್ಯಶಾಸ್ತ್ರ ಮೇಷ್ಟ್ರು
ಸುವರ್ಣಗೆಡ್ಡೆ, ಕೆಸು, ಮುಂಡಿ, ಕೆರೆಯ ಮೇಲೆ ತೇಲುವ ಅಂತರಗಂಗೆ. ಮನೆಯೊಳಗಿನ ಆಂಥೂರಿಯಂ. ಎಲ್ಲರ ಮನೆಯ ಬಾಟಲಿಯಲ್ಲಿರುವ ಮನಿಪ್ಲಾಂಟ್ ಕೂಡ, ಅದರ ಮೂಲ ಪೆಸಿಫಿಕ್ ಸಾಗರದ ಮೊರಿಯಾ ಎಂಬ ಪುಟ್ಟ ದ್ವೀಪ.

ಮಳೆಹುಳ
ಬಜೆ ಬಿಟ್ಟಿರಿ ಸರ್. ಮಕ್ಕಳಿಗೆ ತೇದು ಕೊಡುವ ಬಜೆ.

ಸಸ್ಯಶಾಸ್ತ್ರ ಮೇಷ್ಟ್ರು
ಹಳೇ ಪುಸ್ತಕಗಳಲ್ಲಿ ಇದೇ ಕುಟುಂಬ. ಈಗ ಬೇರೆ ಮಾಡಿದ್ದಾರೆ. ಬಜೆಯದ್ದೇ ಸ್ವಂತ ಕುಟುಂಬ, ಅಕೋರೇಸಿ.

ಪೇಟೆ ಪುಟ್ಟಣ್ಣ
ಪ್ರಪಂಚದ ಅತಿ ದೊಡ್ಡ ಹೂವು ಅಂತಾರಲ್ಲ, ಹೆಣದ ವಾಸನೆ ಬರುತ್ತದಲ್ಲ, ಅದು ಕೇರಳದ ಕಾಡಲ್ಲಿ ಅರಳಿದೆ ಅಂತ ಫಾರ್ವರ್ಡ್ ಬಂದಿತ್ತು. ಅದೂ ಇದೇನಾ?

ಗೆಡ್ಡೆಗೆಣಸು
ಕುಟುಂಬ ಇದೇ, ಕಾಡು ಬೇರೆ. ಟೈಟನ್ ಆರಮ್ ಇಂಡೋನೇಷ್ಯಾದ ಸುಮಾತ್ರಾದ್ದು. ಇಟಲಿಯ ಬೆಕ್ಕಾರಿ 1878ರಲ್ಲಿ ಅಲ್ಲಿ ಕಂಡು ಬೀಜ ಕಳಿಸಿದರು, ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1889ರಲ್ಲಿ ಅರಳಿತು. ನಮ್ಮ ಘಟ್ಟದಲ್ಲಿ ಅದು ಕಾಡು ಗಿಡವಾಗಿ ಇಲ್ಲ. ಮೊದಲ ಮಳೆಗೆ ಅರಳುವ ಕಾಡು ಸುವರ್ಣಗೆಡ್ಡೆಯ ಹೂವನ್ನು ನೋಡಿ ಜನ ಹೀಗೆ ಫಾರ್ವರ್ಡ್ ಮಾಡುತ್ತಾರೆ. ಅದಕ್ಕೂ ನಾತ ಕಡಿಮೆ ಏನಿಲ್ಲ. ಎಲೆ ಇಲ್ಲದೆ ಬರೀ ನೆಲದಿಂದ ನೇರಳೆ ಮುದ್ದೆ ಎದ್ದಿರುತ್ತದೆ, ನೊಣ, ಜೀರುಂಡೆ ಮುತ್ತಿರುತ್ತವೆ. ಹೂವು ಕೊಳೆತ ಮೇಲೆ ಛತ್ರಿಯಂಥ ಎಲೆ ಬರುತ್ತದೆ. ಎರಡೂ ಒಂದೇ ಗಿಡ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಹೊಸಮನೆ ಶ್ರೀ
ಫೋಟೊ ಬಂತು! ಮೂರನೇದು, ನಾಲ್ಕನೇದು ಹಾಕಿದ್ದೇನೆ.

ಮರದ ಮೇಲೆ: ಭಾವಮೈದ ಏಣಿ ಹಾಕಿ ಹತ್ತಿದ್ದಾನೆ. ಬುಡದಲ್ಲಿ ಮೇಲ್ಮುಖವಾದ ಕಡ್ಡಿ ಇದೆ, ಅದರ ಮೇಲೆ ಕೂದಲು ಕೂದಲಾದ ಸಣ್ಣ ಉಂಡೆಗಳು. ಇಳಿಯುವಷ್ಟರಲ್ಲಿ ಅವನ ಸ್ವೆಟರ್ ತೋಳಿಗೆ ನಾಲ್ಕಾರು ಅಂಟಿಕೊಂಡು ಬಂದಿವೆಯಂತೆ.

ದರೆಯ ಮೇಲೆ: ಎಲೆ ಸರಿಸಿದರೆ ಅಡಿಯಲ್ಲಿ ನೇರಳೆ ಬಣ್ಣದ ದೋಣಿಯಂಥದ್ದು, ಹತ್ತಾರು. ಒಳಗಿನ ಕಡ್ಡಿಯ ಫೋಟೊ ಸ್ವಲ್ಪ ಮಸುಕಾಗಿದೆ, ಆದರೆ ತೂತುಗಳು ಕಾಣುತ್ತವೆ.

ಸಸ್ಯಶಾಸ್ತ್ರ ಮೇಷ್ಟ್ರು
ಮರದ್ದು ರೆಮುಸಾಷಿಯಾ ವಿವಿಪಾರ. ದರೆಯದ್ದು ಅರಿಯೋಪ್ಸಿಸ್ ಪೆಲ್ಟೇಟಾ. ಮುಗಿಯಿತು.

ಗೆಡ್ಡೆಗೆಣಸು
ಹೂವು ಬಿಟ್ಟ ಗಿಡಗಳೆಲ್ಲ ಅರಿಯೋಪ್ಸಿಸ್, ಸರಿ. ಆದರೆ ನಾಲ್ಕನೇ ಫೋಟೊದ ಎಡ ಮೂಲೆ ನೋಡಿ. ಒಂದು ಎಲೆ ಉಳಿದವಕ್ಕಿಂತ ದೊಡ್ಡದು, ಬೂದು ಬಣ್ಣ ಇಲ್ಲ, ಪಕ್ಕದಲ್ಲಿ ಹೂವೂ ಇಲ್ಲ. ಅದೊಂದು ಮರಕೆಸುವಿನ ಮರಿ ಇರಬಹುದು. ಬಂಡೆಯ ಮೇಲೆ ಎರಡೂ ಬೆರೆತು ಬೆಳೆದದ್ದನ್ನು ನಾನೇ ಬೇರೆ ಕಡೆ ಕಂಡಿದ್ದೇನೆ.

ಸಸ್ಯಶಾಸ್ತ್ರ ಮೇಷ್ಟ್ರು
ಒಂದು ಎಲೆ ನೋಡಿ ಮಾವನವರನ್ನು ಗೆಲ್ಲಿಸಲು ಹೊರಟಿದ್ದೀರಿ.

ಗೆಡ್ಡೆಗೆಣಸು
ಹತ್ತನೇ ಒಂದು ಪಾಲು ಗೆಲ್ಲಲಿ ಸರ್, ವಯಸ್ಸಾದವರು.

ಸಿರ್ಸಿ ಸುಮಾ
ಅತ್ತೆ ಗೆದ್ದರು ಅಂತಲೇ ನನ್ನ ತೀರ್ಪು. ಅಡುಗೆಗೆ ಯಾವುದು ಬೇಕು ಯಾವುದು ಬೇಡ ಅಂತ ಅವರಿಗೆ ಗೊತ್ತಿತ್ತು. ಅರಿಯೋಪ್ಸಿಸ್ ಅನ್ನುವ ಹೆಸರು ಗೊತ್ತಿಲ್ಲದಿದ್ದರೆ ಏನಾಯ್ತು?

ಕುಂದಾಪ್ರದವ
ಅಂತೂ ಮರದ ಮೇಲಿದ್ದದ್ದು ಮರಕೆಸುವೇ. ನಾನು ಮೊದಲ ಕಮೆಂಟಿನಲ್ಲೇ ಹೇಳಿದ್ದೆ.

ಸಸ್ಯಶಾಸ್ತ್ರ ಮೇಷ್ಟ್ರು
ನೆಲದ ಮೇಲಿದ್ದರೆ ಬರೀ ಕೆಸು ಅಂತಲೂ ಹೇಳಿದ್ದಿರಿ. ಅದನ್ನೂ ಓದಿಕೊಳ್ಳಿ. ಅರಿಯೋಪ್ಸಿಸ್ ಪಾಚಿ ಹಿಡಿದ ಮರದ ಬುಡಕ್ಕೂ ಹತ್ತುತ್ತದೆ. ಅಲ್ಲಿ ಕಂಡಿದ್ದರೆ ನೀವು ಅದನ್ನೂ ಮರಕೆಸು ಅಂತ ಕಿತ್ತು ತಂದುಬಿಡುತ್ತಿದ್ದಿರಿ.

ಕುಂದಾಪ್ರದವ
ಎರಡಿಂಚು ಎಲೆಗೆ ಹಿಟ್ಟು ಹಚ್ಚುವಷ್ಟು ಪುರುಸೊತ್ತು ನಮಗಿಲ್ಲ ಮೇಷ್ಟ್ರೇ.

ಬಾಲ್ಕನಿ ತೋಟ
ಶ್ರೀ ಅವರೇ, ಆ ಸ್ವೆಟರಿಗೆ ಅಂಟಿದ ಮರಿಗೆಡ್ಡೆ ನನಗೆ ಕಳಿಸುತ್ತೀರಾ? ಬೆಂಗಳೂರಿನಲ್ಲಿ ಬರುತ್ತದಾ?

ಕೊಡಗಿನ ಕಾವೇರಮ್ಮ
ಬರುತ್ತದೆ. ನನ್ನ ಮಗಳು ಬೆಂಗಳೂರಿನಲ್ಲಿ ಬೆಳೆಸಿದ್ದಾಳೆ. ಮಣ್ಣಿನ ಕುಂಡ ಬೇಡ. ತೆಂಗಿನ ಸಿಪ್ಪೆ, ಸ್ವಲ್ಪ ಇದ್ದಿಲು, ಒಣ ಎಲೆ ಗೊಬ್ಬರ ಸೇರಿಸಿ, ನೀರು ನಿಲ್ಲದ ಹಾಗೆ ಬುಟ್ಟಿಯಲ್ಲಿ ಇಡಿ. ಮರಿಗೆಡ್ಡೆಯನ್ನು ಹೂಳಬೇಡಿ, ಮೇಲೆ ಒತ್ತಿ ಬಿಡಿ ಸಾಕು. ಅಂಗಳದಲ್ಲಿ ಮರ ಇದ್ದರೆ ಇನ್ನೂ ಒಳ್ಳೇದು, ಸಿಪ್ಪೆ ಸಮೇತ ಕವಲಿಗೆ ಕಟ್ಟಿ. ಮಳೆಗಾಲ ಮುಗಿದ ಮೇಲೆ ಎಲೆ ಹಳದಿಯಾಗಿ ಬೀಳುತ್ತದೆ. ಆಗ ಸತ್ತಿತು ಅಂತ ಎಸೆಯಬೇಡಿ, ನೀರೂ ಹಾಕಬೇಡಿ. ಹಾಕಿದರೆ ಗೆಡ್ಡೆ ಕೊಳೆಯುತ್ತದೆ. ಮೇ ತಿಂಗಳ ಮಳೆಗೆ ತಾನೇ ಏಳುತ್ತದೆ. ಮೊದಲ ವರ್ಷ ಎಲೆ ಕೀಳುವ ಆಸೆ ಬಿಡಿ.

ಗೆಡ್ಡೆಗೆಣಸು
ಕಾವೇರಮ್ಮನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸ್ವಂತ ತೋಟದಿಂದ ತನ್ನಿ, ಪರಿಚಯದವರಿಂದ ತನ್ನಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಕೈ ಹಾಕಬೇಡಿ, ಅದು ಅಪರಾಧ. ತೋಟದಲ್ಲಿ ಕೀಳುವಾಗಲೂ ಎಲೆ ಮಾತ್ರ ಕುಯ್ಯಿರಿ. ಈಗ ಮಾರುವವರು ಕೆಲವರು ಗೆಡ್ಡೆ ಸಮೇತ ಎಳೆಯುತ್ತಾರೆ, ಆ ಮರದಲ್ಲಿ ಮುಂದಿನ ವರ್ಷ ಏನೂ ಇರುವುದಿಲ್ಲ. ಕಡ್ಡಿ ಮೇಲಿನ ಮರಿಗೆಡ್ಡೆ ಒಂದಿಷ್ಟು ಪಕ್ಕದ ಕವಲಿಗೆ ಉಜ್ಜಿ ಬನ್ನಿ. ಖರ್ಚಿಲ್ಲದ ಕೆಲಸ.

ಹೊಸಮನೆ ಶ್ರೀ
ಬಾಲ್ಕನಿಯವರೇ, ವಿಳಾಸ ಮೆಸೇಜ್ ಮಾಡಿ. ಸ್ವೆಟರ್ ಬಿಟ್ಟು ಬಾಕಿ ಕಳಿಸುತ್ತೇನೆ.

ಮಾವನಿಗೆ ಇಲ್ಲಿಯ ಮಾತೆಲ್ಲ ಫೋನಿನಲ್ಲಿ ಓದಿ ಹೇಳಿದೆ. ಮೂಲೆಯ ಆ ಒಂದು ಎಲೆಯ ವಿಷಯ ಬಂದಾಗ ಮಾತ್ರ ಇನ್ನೊಂದು ಸಲ ಓದು ಅಂದರು. ಈಗ ಪತ್ರೊಡೆಗೆ ಅಕ್ಕಿ ಯಾವುದು ಅಂತ ಮನೆಯಲ್ಲಿ ಹೊಸ ಪ್ರಶ್ನೆ.

ಕುಂದಾಪ್ರದವ
ಬೆಳ್ತಿಗೆ ಅಕ್ಕಿ. ನೆನೆಸಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಹುಣಸೆ, ಬೆಲ್ಲ ಹಾಕಿ ತರಿ ತರಿ ರುಬ್ಬಿ. ಎಲೆಯ ಬೆನ್ನಿಗೆ ಹಚ್ಚಿ, ಒಂದರ ಮೇಲೊಂದು ಇಟ್ಟು ಸುತ್ತಿ ಬೇಯಿಸಿ.

ಮಳೆಹುಳ
ನಮ್ಮ ಮನೆಯಲ್ಲಿ ಕುಚ್ಚಲಕ್ಕಿ. ಮೆತ್ತಗೆ ಬರುತ್ತದೆ.

ಕುಂದಾಪ್ರದವ
ಕುಚ್ಚಲಕ್ಕಿಯಲ್ಲಿ ಪತ್ರೊಡೆಯಾ? ಮೇಷ್ಟ್ರೇ, ಇವರನ್ನು ಬೇರೆ ಕುಟುಂಬಕ್ಕೆ ಹಾಕಿ.

ಸಿರ್ಸಿ ಸುಮಾ
ಎರಡೂ ಬೇಡ, ಕರಕಲಿ ಮಾಡಿ. ಅಕ್ಕಿ ಜಗಳವೇ ಇಲ್ಲ. ಸೊಪ್ಪು ಬೇಯಿಸಿ, ಸೂಜಿಮೆಣಸು, ಬೆಳ್ಳುಳ್ಳಿ ಹಾಕಿ ಹುಳಿ ಮುಂದಾಗಿ ಕುದಿಸಿ. ಬೇಕಾದವರಿಗೆ ಬೇರೆ ಚರ್ಚೆಯಲ್ಲಿ ವಿವರ ಬರೆಯುತ್ತೇನೆ, ಇಲ್ಲಿ ಆಗಲೇ ಗಿಡ ಬಿಟ್ಟು ಒಲೆಗೆ ಬಂದಿದ್ದೇವೆ.